ಸಮ್ಮರ್ ಸ್ಕೂಲ್‌ಗೆ ಪ್ರಶ್ನೆ ಇಟ್ಟುಕೊಂಡು ಹೋಗಿ: ರಾಯಚೂರು, ಕೊಪ್ಪಳ ಕಡೆಯ ಹೊಸ ಸಂಶೋಧಕರಿಗೆ

ಸುಸ್ಥಿರತೆ ಬಗ್ಗೆ ಸಂಶೋಧನೆ ಮಾಡೋದು ಹೇಗೆ ಅಂತ ಕಲಿಸುವ ಸಮ್ಮರ್ ಸ್ಕೂಲ್‌ಗಳು ಈಗ ಸುಮಾರು ಕಡೆ ನಡೆಯುತ್ತವೆ. ಪಿಎಚ್‌ಡಿ ಶುರು ಮಾಡಿದವರು, ಈಗಷ್ಟೇ ಮುಗಿಸಿದವರು, ಕಾಲೇಜಿನಲ್ಲಿ ಪಾಠ ಮಾಡುತ್ತಾ ಹೇಗೋ ಸಂಶೋಧನೆ ಎಳೆದುಕೊಂಡು ಹೋಗುತ್ತಿರುವವರು, ಎಲ್ಲರಿಗೂ ಇದು ಒಳ್ಳೇದೇ. ಆದರೆ ಅಲ್ಲಿ ಒಂದೆರಡು ವಾರದಲ್ಲಿ ಹತ್ತು ವಿಧಾನ ಹೇಳಿಕೊಡುತ್ತಾರೆ. ಅವನ್ನು ಹಚ್ಚಿ ನೋಡೋಕೆ ನಿಮ್ಮ ಹತ್ತಿರ ಒಂದು ಪ್ರಶ್ನೆಯೇ ಇಲ್ಲದಿದ್ದರೆ, ಚೀಲ ಇಲ್ಲದೆ ಸಂತೆಗೆ ಹೋದ ಹಾಗೆ. ಮೊದಲು ಪ್ರಶ್ನೆ, ಆಮೇಲೆ ಅರ್ಜಿ.

"ಸುಸ್ಥಿರ ಕೃಷಿ" ಅನ್ನೋದು ಪ್ರಶ್ನೆ ಅಲ್ಲ. "ತುಂಗಭದ್ರಾ ನೀರಾವರಿ" ಅನ್ನೋದೂ ಅಲ್ಲ. ಎಡದಂಡೆ ಕಾಲುವೆಯೇ 227 ಕಿ.ಮೀ. ಉದ್ದ ಇದೆ; ಅದರಲ್ಲಿ ಒಂದೇ ಒಂದು ಉಪಕಾಲುವೆ ಆರಿಸಿಕೊಳ್ಳಿ. ಈ ಕಾಲುವೆಯ ಯೋಜನೆ ಮಾಡಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಆದರೆ ಗಂಗಾವತಿ, ಕಾರಟಗಿ ಕಡೆ ಭತ್ತ ಬಂತು, ಕೆಲವು ಕಡೆ ಭೂಮಿ ಸವಳು ಜವಳಾಯಿತು, ಇತ್ತ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ಧರಣಿ ಕೂರುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನಿಮ್ಮ ಪ್ರಶ್ನೆ ಇನ್ನೂ ಸಣ್ಣದಿರಲಿ: ಈ ಉಪಕಾಲುವೆಯ ಕೊನೆಯ ತೂಬಿನ ರೈತರು ನೀರು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಏನು ಬಿತ್ತುತ್ತಾರೆ, ಅದನ್ನು ಯಾವಾಗ, ಯಾರ ಮಾತು ಕೇಳಿ ತೀರ್ಮಾನ ಮಾಡುತ್ತಾರೆ? ಅರ್ಜಿಯಲ್ಲಿ ಇದನ್ನೇ ಬರೆಯಿರಿ. "ಪರಿಸರದ ಬಗ್ಗೆ ನನಗೆ ಚಿಕ್ಕಂದಿನಿಂದ ಆಸಕ್ತಿ" ಅನ್ನುವ ಸಾಲು ಬೇಡ, ಅದನ್ನು ಎಲ್ಲರೂ ಬರೆದಿರುತ್ತಾರೆ. ಯಾವ ಎರಡು ವಿಧಾನಗಳ ನಡುವೆ ನೀವು ಸಿಕ್ಕಿಕೊಂಡಿದ್ದೀರಿ ಅಂತ ಹೇಳಿದರೆ ಸಾಕು.

ಇನ್ನು ಸಮಯ. ಯುರೋಪಿನವರ ಸಮ್ಮರ್ ನಮಗೆ ಮುಂಗಾರು. ಜೂನ್, ಜುಲೈನಲ್ಲಿ ಅವರು ಕ್ಲಾಸ್ ಇಟ್ಟರೆ ಇಲ್ಲಿ ಬಿತ್ತನೆ ನಡೆದಿರುತ್ತದೆ. ಆನ್‌ಲೈನ್ ಆದರೆ ಜರ್ಮನಿಯ ಬೆಳಿಗ್ಗೆ 9 ಅಂದರೆ ನಮ್ಮ ಮಧ್ಯಾಹ್ನ 12.30, ಅಷ್ಟೇನೂ ಕಷ್ಟ ಅಲ್ಲ. ಆದರೂ ಬಿತ್ತನೆ ಹೊತ್ತಿಗೆ ನೀವು ಕ್ಲಾಸಿನಲ್ಲಿರುತ್ತೀರಿ, ಹಾಗಾಗಿ ಊರಿನ ಮೊದಲ ಸುತ್ತಿನ ಸಮೀಕ್ಷೆ ಏಪ್ರಿಲ್, ಮೇನಲ್ಲೇ ಮುಗಿಸೋಣ ಅನಿಸುತ್ತದೆ. ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಬೇಗ ಹೋಗಿ, ಸಂಜೆ ಮತ್ತೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ.

ಬೇಸಿಗೆಯಲ್ಲಿ ಊರಲ್ಲಿ ಯಾರಿರುತ್ತಾರೆ? ದೇವದುರ್ಗ, ಲಿಂಗಸುಗೂರು, ಮಸ್ಕಿ, ಕುಷ್ಟಗಿ ಕಡೆಯಿಂದ ಎಷ್ಟೋ ಮನೆಯವರು ಗುಳೆ, ಅಂದರೆ ಕೆಲಸ ಹುಡುಕಿ ಬೇರೆ ಊರಿಗೆ, ಹೋಗಿರುತ್ತಾರೆ. ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ ಫಾರ್ಮ್ ತುಂಬಿಸಿದರೆ, ನೀರಿಲ್ಲದೆ ಜಾಸ್ತಿ ಕಷ್ಟಪಟ್ಟವರೇ ನಿಮ್ಮ ಸಮೀಕ್ಷೆಯಿಂದ ಹೊರಗೆ ಉಳಿಯುತ್ತಾರೆ. ಉಳಿದವರ ಉತ್ತರ ನೋಡಿ "ಪರವಾಗಿಲ್ಲ, ಹೊಂದಿಕೊಂಡಿದ್ದಾರೆ" ಅಂತ ಬರೆದುಬಿಡುತ್ತೀರಿ. ಅಂಕಿ ಅಂಶದ ಯಾವ ಸೂತ್ರವೂ ಆಮೇಲೆ ಇದನ್ನು ಸರಿ ಮಾಡಲ್ಲ. ಬೀಗದ ಮನೆಗಳನ್ನೂ ಪಟ್ಟಿಯಲ್ಲಿ ಇಡಿ, ಮುಂಗಾರಿಗೆ ಅವರು ವಾಪಸ್ ಬಂದಾಗ ಮತ್ತೆ ಹೋಗಿ, ಇಲ್ಲವೇ ಫೋನ್ ನಂಬರ್ ತೆಗೆದುಕೊಂಡು ಕೆಲಸದ ಜಾಗದಲ್ಲೇ ಮಾತಾಡಿಸಿ. ಸ್ಯಾಂಪ್ಲಿಂಗ್ ಕ್ಲಾಸಿನಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಪಾಠ ಮಾಡುವವರಿಗೆ ಗುಳೆ ಅಂದರೆ ಏನಂತ ನೀವೇ ವಿವರಿಸಬೇಕಾಗಬಹುದು, ವಿವರಿಸಿ.

ಪಹಣಿಯನ್ನೂ ಪೂರ್ತಿ ನಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಮಾಲೀಕರ ಹೆಸರು, ನಿಜವಾಗಿ ಉಳುಮೆ ಮಾಡುವವರು ಲೀಸಿಗೆ ಹಿಡಿದ ಬೇರೆಯವರು ಇರಬಹುದು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು, ರಾಯಚೂರು ಪೇಟೆಯಲ್ಲಿ ಎಷ್ಟೋ ಜನರದು ಉರ್ದು. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಸಾಲಲ್ಲ.

ಹಳೇದನ್ನು ಕೇಳುವಾಗ ಇಸವಿ ಹೇಳಿ ಕೇಳಬೇಡಿ. "2009ರಲ್ಲಿ ಎಷ್ಟು ಬೆಳೆ ಬಂತು" ಅಂದರೆ ಸುಮ್ನೆ ಏನೋ ಒಂದು ಹೇಳುತ್ತಾರೆ. "ದೊಡ್ಡ ನೆರೆ ಬಂದ ವರ್ಷ" ಅನ್ನಿ, ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. 2024ರ ಆಗಸ್ಟ್‌ಗೆ "ಡ್ಯಾಮ್‌ನ 19ನೇ ಗೇಟ್ ಕೊಚ್ಚಿ ಹೋದಾಗ" ಅಂದರೆ ಯಾರಿಗೂ ಗೊಂದಲ ಇಲ್ಲ. ಇಂಥ ಘಟನೆಗಳ ಒಂದು ಪಟ್ಟಿ ಮಾಡಿಕೊಂಡು ಹೋಗಿ.

ಸರ್ಕಾರಿ ಅಂಕಿಗಳಿಗೂ ಪಕ್ಕದಲ್ಲಿ ಇಸವಿ ಬರೆಯಿರಿ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹಳೇ ಕಾಗದದಲ್ಲಿ 133 ಟಿಎಂಸಿ. ಹೂಳು ತುಂಬಿ ಈಗಿನ ಲೆಕ್ಕದಲ್ಲಿ ಸುಮಾರು 105. ಎರಡೂ ಒಂದೇ ಪ್ರಬಂಧದಲ್ಲಿ ಬಂದರೆ ಪರೀಕ್ಷಕರು ಸುಮ್ಮನೆ ಬಿಡಲ್ಲ.

ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ, ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ 10 ಮೀಟರ್ ವರೆಗೆ ವಿವರ ಕಾಣುತ್ತದೆ, ಆದರೆ ಮುಂಗಾರಿನಲ್ಲಿ ಬರೀ ಮೋಡ. ಸೆಂಟಿನೆಲ್-1 ರಡಾರ್‌ಗೆ ಮೋಡದ ಅಡ್ಡಿ ಇಲ್ಲ, ನೀರು ನಿಲ್ಲಿಸಿದ ಗದ್ದೆ ನಾಟಿ ಹೊತ್ತಿಗೆ ಕಪ್ಪಗೆ ಕಾಣುತ್ತದೆ. ಇದನ್ನು ಹೋಗುವ ಮುಂಚೆಯೇ ಇಳಿಸಿಕೊಳ್ಳಿ, ಅಲ್ಲಿ ಹಾಸ್ಟೆಲ್ ವೈಫೈ ನಂಬಿ ಕೂರಬೇಡಿ. ಬಳ್ಳಾರಿಯವರಿಗೆ ಇನ್ನೊಂದು ಅನುಕೂಲ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತಲ್ಲ, ಸಂಡೂರು ಗುಡ್ಡಗಳ ಹಸಿರನ್ನು ಅದಕ್ಕೆ ಮುಂಚೆ, ಆಮೇಲೆ ಅಂತ ಹೋಲಿಸಬಹುದು; ಆಗ ಸೆಂಟಿನೆಲ್ ಇರಲಿಲ್ಲ, ಲ್ಯಾಂಡ್‌ಸ್ಯಾಟ್‌ನಂಥ ಹಳೇ ಉಪಗ್ರಹದ ಚಿತ್ರ ಬೇಕು. ಆದರೆ ಮಳೆ ಚೆನ್ನಾಗಿ ಬಂದರೂ ಹಸಿರು ಹೆಚ್ಚುತ್ತದೆ, ಅಲ್ವಾ? ಗಣಿ ಇಲ್ಲದ, ಅಂಥದೇ ಇನ್ನೊಂದು ಗುಡ್ಡವನ್ನು ಜೊತೆಗೆ ಇಟ್ಟು ನೋಡದಿದ್ದರೆ ಆ ಹೋಲಿಕೆಗೆ ಬೆಲೆ ಇಲ್ಲ.

ಒಂದು ವಸ್ತು ತಯಾರಾಗೋದರಿಂದ ಬಿಸಾಡುವವರೆಗೆ ಪರಿಸರಕ್ಕೆ ಎಷ್ಟು ಹೊರೆ ಅಂತ ನೋಡುವ ಜೀವನಚಕ್ರ ಲೆಕ್ಕ, ಅಂದರೆ ಎಲ್‌ಸಿಎ, ಬಹುತೇಕ ಎಲ್ಲಾ ಕಡೆ ಕಲಿಸುತ್ತಾರೆ. ಅದರಲ್ಲಿ ಸಾಫ್ಟ್‌ವೇರ್ ದೊಡ್ಡ ವಿಷಯ ಅಲ್ಲ, ಯಾವ ಅಳತೆಗೆ ಲೆಕ್ಕ ಹಾಕುತ್ತೀರಿ ಅನ್ನೋದೇ ದೊಡ್ಡದು. ನೀರು ನಿಂತ ಭತ್ತದ ಗದ್ದೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬಿಡುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಜೋಳದ ಮುಂದೆ ಭತ್ತ ತುಂಬಾ ಕೆಟ್ಟದಾಗಿ ಕಾಣುತ್ತದೆ. ಭತ್ತದ ಇಳುವರಿ ಜಾಸ್ತಿ ಇರುವುದರಿಂದ ಕಿಲೋಗೆ ಹಾಕಿದರೆ ಅಂತರ ಕಡಿಮೆ ಆಗುತ್ತದೆ, ರೈತರ ಕೈಗೆ ಬರುವ ರೂಪಾಯಿಗೆ ಹಾಕಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಮೂರನ್ನೂ ಹಾಕಿ ತೋರಿಸಿ. ಮತ್ತೆ ಇಲ್ಲಿ ಇಳುವರಿಯನ್ನು ಚೀಲದಲ್ಲಿ ಹೇಳುತ್ತಾರೆ. ಭತ್ತದ ಚೀಲ ಸಾಮಾನ್ಯವಾಗಿ 75 ಕೆ.ಜಿ., ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ.

ಕ್ಲಾಸಿನಲ್ಲಿ ಎಲ್ಲವನ್ನೂ ಬರೆದುಕೊಳ್ಳೋಕೆ ಹೋಗಬೇಡಿ, ಸ್ಲೈಡ್ ಆಮೇಲೆ ಕಳಿಸುತ್ತಾರೆ. ಟೀ ಬಿಡುವಿನಲ್ಲಿ ನಿಮ್ಮ ಪ್ರಶ್ನಾವಳಿಯ ಫಾರ್ಮನ್ನು ಒಬ್ಬ ಅಂಕಿ ಅಂಶದವರಿಗೆ, ಒಬ್ಬ ಸಮಾಜಶಾಸ್ತ್ರದವರಿಗೆ ತೋರಿಸಿ. ಇಬ್ಬರೂ ಬೇರೆ ಬೇರೆ ಕಡೆ ಗೆರೆ ಎಳೆಯುತ್ತಾರೆ. ಆ ಗೆರೆಗಳಿಗೇ ನೀವು ಫೀಸು ಕೊಟ್ಟಿರೋದು, ಸರ್ಟಿಫಿಕೇಟಿಗಲ್ಲ.

ವಾಪಸ್ ಬಂದ ಮೇಲೆ ಫಾರ್ಮನ್ನು ತಿದ್ದಿ, ಅದೇ ಉಪಕಾಲುವೆಯ ಮೇಲಿನ, ನಡುವಿನ, ಕೊನೆಯ ತೂಬುಗಳಲ್ಲಿ ಕೆಲವರ ಹತ್ತಿರ ಮಾತ್ರ ಪರೀಕ್ಷೆ ಮಾಡಿ. ಯಾವ ಪ್ರಶ್ನೆಗೆ ಜನ ಮುಖ ಮುಖ ನೋಡಿಕೊಂಡರೋ ಅದನ್ನು ತೆಗೆದುಹಾಕಿ. ಪೇಪರ್ ಅಚ್ಚಾಗೋಕೆ ವರ್ಷ ಹಿಡಿಯುತ್ತದೆ, ಅಲ್ಲಿವರೆಗೆ ರೈತರನ್ನು ಕಾಯಿಸಬೇಡಿ. ಸಿಕ್ಕಿದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದು, ಕಾಲುವೆಗೆ ನೀರು ಬಿಡುವ ಮುಂಚೆಯೇ ಅವರಿಗೆ ತಲುಪಿಸಿ.