ಏಳೂವರೆಯ ಆಟ, ಹತ್ತು ಐವತ್ತರ ರೈಲು

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಹೊರ ಊರಿನಲ್ಲಿ ಆಡುವಾಗ ಹತ್ತು ಹನ್ನೆರಡು ಅಭಿಮಾನಿಗಳನ್ನು ಕರೆದುಕೊಂಡು ಹೋಗಿ ಮರುದಿನ ಕೆಲಸದ ಹೊತ್ತಿಗೆ ವಾಪಸ್ ಮುಟ್ಟಿಸಲು ನಾವು ಹಾಕುವ ಲೆಕ್ಕ ಇದು. ಹೋಗುವುದು ಎಂದೂ ಕಷ್ಟವಲ್ಲ. ಕಷ್ಟವೆಲ್ಲ ಬರುವುದರಲ್ಲಿ, ಆ ಕಷ್ಟದ ಬೇರು ಟಿವಿ ವೇಳೆಯಲ್ಲಿ.

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯಗಳು ಟಿವಿಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ, ಸಾಮಾನ್ಯವಾಗಿ ರಾತ್ರಿಗೊಂದರಂತೆ ಹಂಚಿಕೊಂಡಿರುತ್ತವೆ. 2024-25ರಲ್ಲಿ 13 ತಂಡ, ತಂಡಕ್ಕೆ 24ರಂತೆ ಲೀಗ್ ಹಂತದಲ್ಲೇ 156 ಪಂದ್ಯ. ಇಷ್ಟನ್ನು ಶನಿವಾರ, ಭಾನುವಾರಕ್ಕೆ ತುರುಕಲು ಆಗದು, ಬುಧವಾರ ಗುರುವಾರಕ್ಕೂ ಚೆಲ್ಲುತ್ತವೆ. ದಿನಕ್ಕೆ ಎರಡು ಪಂದ್ಯವಿದ್ದರೆ ಮೊದಲನೆಯದು ಸಂಜೆ 5ಕ್ಕೆ, ಎರಡನೆಯದು 7:30ಕ್ಕೆ. 2023-24ರ ಆರಂಭದಲ್ಲಿ ಈ ವೇಳೆ 5:30 ಮತ್ತು 8 ಆಗಿತ್ತು. ಮನೆಯಲ್ಲಿ ಕೂತು ನೋಡುವವರಿಗೆ ಆ ಅರ್ಧ ಗಂಟೆ ಲೆಕ್ಕಕ್ಕಿಲ್ಲ. ಪ್ರಯಾಣ ಹೊರಟವರಿಗೆ ರೈಲು ಸಿಗುವುದೂ ತಪ್ಪುವುದೂ ಅದರಲ್ಲೇ ಇದೆ.

ಹಾಗಾಗಿ ನಾವು ಎಣಿಸುವುದು ಕೊನೆಯ ಸೀಟಿಯಿಂದ. 45 ಮತ್ತು 45, ನಡುವೆ 15, ಎರಡೂ ಅವಧಿಯ ಹೆಚ್ಚುವರಿ ನಿಮಿಷ ಸೇರಿ ಹತ್ತು: ಒಟ್ಟು 115 ನಿಮಿಷ. 7:30ರ ಆಟ 9:25ಕ್ಕೆ ಮುಗಿಯುತ್ತದೆ, 8ರದ್ದು 9:55ಕ್ಕೆ. ಅದರ ಮೇಲೆ ಪೊಲೀಸರು ಹೊರ ಊರಿನವರನ್ನು ಸ್ಟ್ಯಾಂಡ್‌ನಲ್ಲೇ ಕೂರಿಸಿಕೊಳ್ಳುವ ಸಮಯ. ಊರಿನವರೆಲ್ಲ ಖಾಲಿಯಾಗುವವರೆಗೆ ಗೇಟು ತೆರೆಯುವುದಿಲ್ಲ, ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಹೊಸಬರು ಮರೆಯುವುದು ಇದನ್ನೇ.

ಚೆನ್ನೈ ಸುಲಭದ ಊರು. ಜವಾಹರಲಾಲ್ ನೆಹರು ಕ್ರೀಡಾಂಗಣದಿಂದ ಸೆಂಟ್ರಲ್‌ಗೆ ನಡೆದರೂ ಅರ್ಧ ಗಂಟೆ ಸಾಕು. ಮೆಟ್ರೊ ಹಿಡಿದರೆ ನೆಹರು ಪಾರ್ಕ್‌ನಿಂದ ಎರಡನೇ ನಿಲ್ದಾಣವೇ ಸೆಂಟ್ರಲ್. ರಾತ್ರಿ 9ರ ಆಸುಪಾಸಿನ ಕಾವೇರಿ ಎಕ್ಸ್‌ಪ್ರೆಸ್ ಆಸೆ ಬಿಟ್ಟುಬಿಡಿ. ಅದು ಹೊರಡುವಾಗ ಎರಡನೇ ಅವಧಿ ಇನ್ನೂ ನಡೆಯುತ್ತಿರುತ್ತದೆ. ನಮ್ಮ ರೈಲು 10:50ರ ಬೆಂಗಳೂರು ಮೇಲ್. 7:30ರ ಆಟವಾದರೆ ನಡುವೆ ಊಟಕ್ಕೂ ಹೊತ್ತು ಸಿಗುತ್ತದೆ, 8ರ ಆಟವಾದರೆ ಗೇಟಿನಿಂದ ಮೆಟ್ರೊ ಹಿಡಿದು ನೇರ ಪ್ಲಾಟ್‌ಫಾರ್ಮ್‌ಗೆ. ಹೋಗಲು ಮಧ್ಯಾಹ್ನದ ವಂದೇ ಭಾರತ್ ನಂಬಬೇಡಿ. ಅದು ಚೆನ್ನೈ ಮುಟ್ಟುವುದೇ ಸುಮಾರು 7:30ಕ್ಕೆ, ಮೊದಲ ಗೋಲು ಫೋನಿನಲ್ಲೇ ನೋಡಬೇಕಾದೀತು. ಬೆಳಿಗ್ಗೆ 6 ದಾಟಿದ ಮೇಲೆ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸೇ ಸರಿ, ಅಂದರೆ ವಾರದ ದಿನವಾದರೆ ಪೂರ್ತಿ ಒಂದು ರಜೆ. ಶನಿವಾರದ ಆಟಕ್ಕೆ ಇನ್ನೊಂದು ತೊಡಕಿದೆ: ಮೇಲ್ ಭಾನುವಾರ ನಸುಕಿನಲ್ಲೇ ಬೆಂಗಳೂರಿಗೆ ಬಂದುಬಿಡುತ್ತದೆ, ಭಾನುವಾರ ನಮ್ಮ ಮೆಟ್ರೊ ಶುರುವಾಗುವುದು 7ಕ್ಕೆ.

ಕೊಚ್ಚಿ ಹಾಗಲ್ಲ. ದೂರ ಸುಮಾರು 550 ಕಿ.ಮೀ., ಜೊತೆಗೆ ಆಟ ಮುಗಿದ ಮೇಲೆ ಹಿಡಿಯಬಹುದಾದ ಅನುಕೂಲದ ರೈಲಿಲ್ಲ. ಹೋಗಲು ಬೆಳಗಿನ ಇಂಟರ್‌ಸಿಟಿ ಇದೆ, ಸಂಜೆ 5ರ ಹೊತ್ತಿಗೆ ಕೊಚ್ಚಿಯ ಎರ್ನಾಕುಳಂ ನಿಲ್ದಾಣ. 7:30ರ ಆಟಕ್ಕೆ ಬಂಗಾರದಂಥ ರೈಲು, 5ರ ಆಟಕ್ಕೆ ಪ್ರಯೋಜನವಿಲ್ಲ. 2025ರ ನವೆಂಬರ್‌ನಲ್ಲಿ ಬಂದ ವಂದೇ ಭಾರತ್ ಮಧ್ಯಾಹ್ನ ಎರಡರೊಳಗೆ ತಲುಪಿಸುತ್ತದೆ. ಆದರೆ ಅದು ವಾಪಸ್ ಹೊರಡುವುದೂ ಮಧ್ಯಾಹ್ನವೇ. ಅದರಲ್ಲೇ ಮರಳಬೇಕೆಂದರೆ ರಾತ್ರಿ ಕೋಣೆ ಬಾಡಿಗೆ ಮತ್ತು ಇನ್ನೊಂದು ರಜೆ.

ಹಾಗಾಗಿ ಬರುವುದು ಬಸ್ಸಿನಲ್ಲಿ. ಇಲ್ಲಿ ನಮಗೆ ಕೈಹಿಡಿದ ಉಪಾಯ ಒಂದೇ: ಕೊಚ್ಚಿ ನಗರದೊಳಗಿನ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಹತ್ತಬೇಡಿ, ಮುಂದೆ ಸಿಗುವ ಆಲುವಾ ಅಥವಾ ಅಂಗಮಾಲಿಯನ್ನು ಬೋರ್ಡಿಂಗ್ ಪಾಯಿಂಟ್ ಆಗಿ ಆರಿಸಿ. ಬೆಂಗಳೂರಿನ ಬಸ್ಸು ಹೇಗೂ ಆ ದಾರಿಯಲ್ಲೇ ಬರಬೇಕು, ಅರ್ಧ ಗಂಟೆಗೂ ಹೆಚ್ಚು ಸಮಯ ಉಳಿಯುತ್ತದೆ. ಕಲೂರಿನ ಕ್ರೀಡಾಂಗಣದ ಎದುರಿಗೇ ಮೆಟ್ರೊ ನಿಲ್ದಾಣ, ಅಲ್ಲಿಂದ ಆಲುವಾವರೆಗೆ ಎಲ್ಲೂ ಬದಲಿಸದೆ ಹೋಗಬಹುದು. ಪಂದ್ಯದ ರಾತ್ರಿಗಳಲ್ಲಿ ಕೊಚ್ಚಿ ಮೆಟ್ರೊ ಸೇವೆಯನ್ನು 11:30ರವರೆಗೆ ವಿಸ್ತರಿಸಿದ್ದುಂಟು. ಆದರೂ ಆ ವಾರದ ಪ್ರಕಟಣೆ ನೋಡಿಯೇ ಹೊರಡಿ. ಹಿಂತಿರುಗುವ ಕ್ಯೂಆರ್ ಟಿಕೆಟ್ ಆಟಕ್ಕೆ ಮೊದಲೇ ತೆಗೆದಿಡಿ, ಆಮೇಲೆ ಆ ಸಾಲಿನಲ್ಲಿ ಇಪ್ಪತ್ತು ನಿಮಿಷ ಕರಗುತ್ತದೆ. 2023ರ ಸೆಪ್ಟೆಂಬರ್ 21ರ ಉದ್ಘಾಟನಾ ಪಂದ್ಯ ಇದೇ ಕೊಚ್ಚಿಯಲ್ಲಿ, ಗುರುವಾರ, ರಾತ್ರಿ 8ಕ್ಕೆ. ಅಂಥ ದಿನ 11ರ ನಂತರ ಆಲುವಾ ಬಿಡುವ ಬಸ್ಸು ಹೊಸೂರು ರಸ್ತೆಗೆ ಬರುವುದು ಸರಿಯಾಗಿ ಆಫೀಸಿನ ದಟ್ಟಣೆಗೆ. ಸಿಲ್ಕ್ ಬೋರ್ಡ್‌ನಲ್ಲಿ ಜರ್ಸಿ ತೊಟ್ಟು ನಿದ್ದೆ ಮಾಡುವವರನ್ನು ಕಂಡರೆ ಅವರು ನಮ್ಮವರೇ ಇರಬೇಕು.

ನಡುರಾತ್ರಿ ದಾಟಿ ಹತ್ತುವ ಬಸ್ಸಾದರೆ ತಾರೀಕಿನ ಮೇಲೆ ಕಣ್ಣಿರಲಿ. 12:15ಕ್ಕೆ ಹತ್ತುವವರು ಟಿಕೆಟ್‌ನಲ್ಲಿ ನೋಡಬೇಕಾದ್ದು ಬಸ್ಸು ಮೊದಲ ಊರು ಬಿಡುವ ದಿನವನ್ನಲ್ಲ, ನಿಮ್ಮ ಬೋರ್ಡಿಂಗ್ ಪಾಯಿಂಟ್ ಎದುರಿಗೆ ಬರೆದ ದಿನವನ್ನು. ಒಂದು ದಿನ ತಪ್ಪಾಗಿ ಬುಕ್ ಆದರೆ ದುಡ್ಡೂ ಹೋಗುತ್ತದೆ, ಸೀಟೂ ಇರುವುದಿಲ್ಲ.

ಮೈಸೂರಿನವರದು ಬೇರೆಯೇ ಲೆಕ್ಕ. ಅವರು ವಯನಾಡಿನ ಮೇಲೆ ಬರುತ್ತಾರೆ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 7:30ರ ಆಟ ಮುಗಿಸಿ 10:30ಕ್ಕೆ ಕೊಚ್ಚಿ ಬಿಟ್ಟರೆ ಕಾಡಿನ ರಸ್ತೆ ಶುರುವಾಗುವ ಮುತ್ತಂಗ ಗೇಟಿಗೆ ಐದೂವರೆಗೆ ಬಂದು, ಚಹಾ ಕುಡಿಯುವಷ್ಟರಲ್ಲಿ ದಾರಿ ತೆರೆಯುತ್ತದೆ. 5ರ ಆಟವಾದರೆ ಮೂರು ಗಂಟೆಗೆಲ್ಲ ಬಂದು ಚಳಿಯಲ್ಲಿ ಕಾಯಬೇಕು. ಟಿವಿಯ ತಡರಾತ್ರಿ ಅನುಕೂಲವಾಗುವುದು ಇವರೊಬ್ಬರಿಗೇ ಏನೋ.

ವೇಳಾಪಟ್ಟಿ ಒಮ್ಮೆಗೇ ಕೈಗೆ ಬರುವುದಿಲ್ಲ. 2024-25ರಲ್ಲಿ ಮೊದಲು ಡಿಸೆಂಬರ್‌ವರೆಗಿನದಷ್ಟೇ ಬಂತು. ರೈಲ್ವೆ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನ. ಪಟ್ಟಿ ಬಂದ ದಿನವೇ ಎಲ್ಲ ಪಂದ್ಯಗಳಿಗೆ 60 ದಿನ ಮುಂಚಿನ ತಾರೀಕನ್ನು ಕ್ಯಾಲೆಂಡರ್‌ಗೆ ಹಾಕಿ, ಅಂದು ಬೆಳಿಗ್ಗೆ 8ಕ್ಕೆ ವಾಪಸ್ ಟಿಕೆಟ್ಟನ್ನೇ ಮೊದಲು ಬುಕ್ ಮಾಡುತ್ತೇವೆ. ಸ್ಲೀಪರ್ ಸಾಕು: ಮೊದಲೇ ರದ್ದು ಮಾಡಿದರೆ ತಲೆಗೆ 120 ರೂಪಾಯಿ ಹೋಗುತ್ತದೆ, ಥರ್ಡ್ ಎಸಿಯಲ್ಲಿ 180. ದಿನಾಂಕ ಬದಲಾಗುವ ಸಂಶಯವಿದ್ದರೆ ತತ್ಕಾಲ್ ಮುಟ್ಟಬೇಡಿ, ಖಚಿತವಾದ ತತ್ಕಾಲ್ ಟಿಕೆಟ್ ರದ್ದಾದರೆ ಪೈಸೆಯೂ ಮರಳುವುದಿಲ್ಲ.

ಹನ್ನೆರಡು ಜನ ಸೇರಿದರೆ ಟೆಂಪೋ ಟ್ರಾವೆಲರ್ ಅಗ್ಗವೆನಿಸುತ್ತದೆ. ಬಾಡಿಗೆಯವರು ದಿನವನ್ನು ನಡುರಾತ್ರಿಯಿಂದ ನಡುರಾತ್ರಿಗೆ ಎಣಿಸುತ್ತಾರೆ, ದಿನಕ್ಕೆ ಕನಿಷ್ಠ ಕಿ.ಮೀ. ಸಾಮಾನ್ಯವಾಗಿ 300. ಕೊಚ್ಚಿಗೆ ಹೋಗಿಬರಲು 1,100 ದಾಟುವುದರಿಂದ ಎರಡನೇ ದಿನ ಹೊರೆಯಾಗದು, ಹೆಚ್ಚುವುದು ಚಾಲಕರ ಬಾಟಾ ಮಾತ್ರ. ಇಬ್ಬರು ಚಾಲಕರನ್ನು ಮೊದಲೇ ಮಾತಾಡಿಕೊಳ್ಳಿ. ಹಗಲೆಲ್ಲ ಓಡಿಸಿದವರನ್ನೇ ರಾತ್ರಿ ಹತ್ತೂವರೆಗೆ ಮತ್ತೆ ಸ್ಟೀರಿಂಗ್ ಮುಂದೆ ಕೂರಿಸುವುದು ಸೇಲಂ ಆಚೆ ಅಪಘಾತವನ್ನು ಕರೆದಂತೆ.

ಬ್ಯಾಗು, ಪವರ್ ಬ್ಯಾಂಕ್, ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಕ್ರೀಡಾಂಗಣದ ಒಳಗೆ ಬಿಡುವುದಿಲ್ಲ. ರೈಲ್ವೆ ಕ್ಲೋಕ್‌ರೂಮ್‌ಗೆ ಬೀಗ ಹಾಕಿದ ಬ್ಯಾಗೇ ಬೇಕು, ಆದ್ದರಿಂದ ಒಂದು ಪುಟ್ಟ ಬೀಗ ಜೇಬಿನಲ್ಲಿರಲಿ. ನಾಕೌಟ್ ಪಂದ್ಯಕ್ಕೆ ಮಾತ್ರ ಮೇಲಿನ ಯಾವ ಲೆಕ್ಕವೂ ನಡೆಯದು. 30 ನಿಮಿಷದ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ ಎಂದು ಇನ್ನೂ ಮುಕ್ಕಾಲು ಗಂಟೆ ಎಳೆಯಬಹುದು. ಅಂದು ರಾತ್ರಿಯ ಟಿಕೆಟ್ ತೆಗೆಯದೆ, ಮರುದಿನ ಬೆಳಗಿನದನ್ನೇ ತೆಗೆಯುತ್ತೇವೆ.