ಪಾಪಪ್ ಕಟ್ಟೋದು ಹೇಗೆ? ಝಡ್-ಇಂಡೆಕ್ಸ್ ಗುದ್ದಾಟ ಬಿಡಿ

ತೀರ್ಥಹಳ್ಳಿ ಹತ್ರ ಇರೋ ನಮ್ಮ ಚಿಕ್ಕಪ್ಪಂಗೆ ಅಡಿಕೆ ಲೆಕ್ಕ ಇಡೋಕೆ ಒಂದು ಸಣ್ಣ ವೆಬ್ ಆಪ್ ಮಾಡಿಕೊಟ್ಟಿದ್ದೆ. ರಾಶಿ ಎಷ್ಟು ಮೂಟೆ, ಬೆಟ್ಟೆ ಎಷ್ಟು, ಗೊರಬಲು ಯಾವತ್ತು ಮಂಡಿಗೆ ಹೋಯ್ತು (ಮೂರೂ ಅಡಿಕೆಯ ಬಗೆಗಳೇ), ಇಷ್ಟೇ. ಒಂದಿನ ಫೋನ್ ಬಂತು, "ಎಂಥ ಮಾರಾಯ, ಬರೀ ಕೈ ತಾಗಿದ್ದಕ್ಕೆ ಒಂದು ಲೈನೇ ಹೋಯ್ತಲ್ಲೋ!" ಡಿಲೀಟ್ ಮಾಡೋ ಮುಂಚೆ ಕೇಳೋ ಪಾಪಪ್ಪೇ ನಾನು ಇಟ್ಟಿರ್ಲಿಲ್ಲ.

ಸರಿ ಅಂತ ಎಲ್ರೂ ಮಾಡೋದನ್ನೇ ಮಾಡ್ದೆ. ಒಂದು ಡಿವ್ (ಪೇಜಲ್ಲಿ ಖಾಲಿ ಡಬ್ಬಿ ಥರದ ಟ್ಯಾಗ್), ಸ್ಕ್ರೋಲ್ ಮಾಡಿದ್ರೂ ಅಲ್ಲೇ ನಿಲ್ಲಲಿ ಅಂತ ಪೊಸಿಷನ್ ಫಿಕ್ಸೆಡ್, ಯಾವುದು ಯಾವುದರ ಮೇಲೆ ಕಾಣ್ಬೇಕು ಅಂತ ಹೇಳೋ ಝಡ್-ಇಂಡೆಕ್ಸ್ 9999. ಆದ್ರೂ ಹೆಡರ್ ಅಡಿಗೇ ಹೋಗಿ ಕೂತ್ಕೊಳ್ತು, ಇನ್ನೆರಡು 9 ಸೇರಿಸಿದ್ರೂ ಅಷ್ಟೇ. ಯಾಕಂದ್ರೆ ಆ ಡಿವ್ ಇದ್ದ ಕಾರ್ಡ್‌ಗೆ ಟ್ರಾನ್ಸ್‌ಫಾರ್ಮ್ (ಡಬ್ಬಿನ ಜರುಗಿಸೋ, ತಿರುಗಿಸೋ ಸ್ಟೈಲ್) ಹಾಕಿದ್ದೆ, ಹಾಗೆ ಹಾಕಿದ್ರೆ ಒಳಗಿನ ಝಡ್-ಇಂಡೆಕ್ಸ್ ಲೆಕ್ಕ ಆ ಕಾರ್ಡ್ ಒಳಗೇ ಮುಗೀತು, ಜಗಲೀಲಿ ಎಷ್ಟೇ ಎತ್ತರದ ಕುರ್ಚಿ ಹಾಕ್ಕೊಂಡ್ ಕೂತ್ರೂ ಅಟ್ಟದ ಮೇಲಿರೋನಿಗಿಂತ ಕೆಳಗೇ ಅಲ್ವಾ, ಹಾಗೆ.

ಅದಕ್ಕೇ ಡಿವ್ ಬಿಡಿ, ಎಚ್‌ಟಿಎಂಎಲ್‌ನ ಡಯಲಾಗ್ ಟ್ಯಾಗ್ ತಗೊಳ್ಳಿ. ಕ್ರೋಮ್‌ನಲ್ಲಿ 2014ರಿಂದ ಇದೆ, ಫೈರ್‌ಫಾಕ್ಸ್, ಸಫಾರಿಗೆ ಬಂದಿದ್ದು 2022ರ ಮಾರ್ಚಲ್ಲಿ. ಟ್ಯಾಗ್ ಒಳಗೆ ಪ್ರಶ್ನೆ, ಎರಡು ಬಟನ್ ಬರೀರಿ, ಆಮೇಲೆ ಜಾವಾಸ್ಕ್ರಿಪ್ಟಲ್ಲಿ ಶೋಮೋಡಲ್ ಕರೀರಿ. ಬರೀ ಟ್ಯಾಗ್‌ಗೆ ಓಪನ್ ಅಂತ ಆಟ್ರಿಬ್ಯೂಟ್ ಹಾಕಿ ಬಿಡಬೇಡಿ, ಹಾಗೆ ತೆರೆದ್ರೆ ಅದು ಮೋಡಲ್ ಆಗಲ್ಲ, ಅಂದ್ರೆ ಹಿಂದಿನ ಪೇಜನ್ನ ತಡೆಯಲ್ಲ. ಶೋಮೋಡಲ್‌ನಿಂದ ತೆರೆದ್ರೆ ಬ್ರೌಸರ್ ಅದನ್ನ ಟಾಪ್ ಲೇಯರ್‌ಗೆ, ಅಂದ್ರೆ ಎಲ್ಲಕ್ಕಿಂತ ಮೇಲಿನ ಪದರಕ್ಕೆ, ಎತ್ತಿ ಇಡುತ್ತೆ, ಝಡ್-ಇಂಡೆಕ್ಸೇ ಬೇಡ, ಹಿಂದಿನ ಪೇಜ್ ಕ್ಲಿಕ್ ಆಗಲ್ಲ, ಎಸ್ಕೇಪ್ ಒತ್ತಿದ್ರೆ ಮುಚ್ಚುತ್ತೆ, ಮುಚ್ಚಿದ ಮೇಲೆ ಫೋಕಸ್ (ಕೀಬೋರ್ಡ್ ಯಾವುದಕ್ಕೆ ತಾಗ್ತಿದೆ ಅನ್ನೋದು) ವಾಪಸ್ ಮೊದಲಿದ್ದ ಬಟನ್ನಿಗೇ ಹೋಗುತ್ತೆ. ಹಿಂದಿನ ಮಬ್ಬು ಬೇಕಾದ್ರೆ ಸಿಎಸ್‌ಎಸ್‌ನಲ್ಲಿ ಬ್ಯಾಕ್‌ಡ್ರಾಪ್‌ಗೆ ಬಣ್ಣ ಕೊಡಿ, ಮುಗೀತು.

ಒಂದು ಎಚ್ಚರ, ಡಯಲಾಗ್‌ಗೆ ನೇರವಾಗಿ ಡಿಸ್‌ಪ್ಲೇ ಫ್ಲೆಕ್ಸ್ (ಒಳಗಿನದನ್ನ ಸಾಲಾಗಿ ಜೋಡಿಸೋ ಸ್ಟೈಲ್) ಹಾಕಿದ್ರೆ ಮುಚ್ಚಿದಾಗ್ಲೂ ಕಾಣ್ತಾ ನಿಂತಿರುತ್ತೆ. ಅದನ್ನ ಓಪನ್ ಇದ್ದಾಗ ಮಾತ್ರ ಅನ್ನೋ ಸೆಲೆಕ್ಟರ್ (ಸ್ಟೈಲ್ ಯಾವುದಕ್ಕೆ ಅಂತ ಹೇಳೋ ಸಾಲು) ಒಳಗೆ ಬರೀರಿ.

ಬಟನ್‌ಗಳನ್ನ ಒಂದು ಫಾರ್ಮ್ ಒಳಗಿಟ್ಟು ಅದರ ಮೆಥಡ್ ಡಯಲಾಗ್ ಅಂತ ಕೊಟ್ರೆ ಒತ್ತಿದ ತಕ್ಷಣ ತಾನೇ ಮುಚ್ಚುತ್ತೆ, ಒತ್ತಿದ ಬಟನ್‌ಗೆ ಕೊಟ್ಟ ವ್ಯಾಲ್ಯೂ ಡಯಲಾಗ್‌ನ ರಿಟರ್ನ್‌ವ್ಯಾಲ್ಯೂನಲ್ಲಿ ಸಿಗುತ್ತೆ. ನಾನು ಬಿದ್ದಿದ್ದು ಇಲ್ಲೇ. ಎಸ್ಕೇಪ್ ಒತ್ತಿದ್ರೆ ಆ ವ್ಯಾಲ್ಯೂ ಬದಲಾಗಲ್ಲ, ಹಿಂದಿನ ಸಲದ "ಡಿಲೀಟ್" ಹಾಗೇ ಉಳ್ಕೊಂಡಿರುತ್ತೆ, ಬೇಡ ಅಂತ ಎಸ್ಕೇಪ್ ಒತ್ತಿದವನ ಮೂಟೆನೂ ಹೋಗುತ್ತೆ! ಪ್ರತಿ ಸಲ ಶೋಮೋಡಲ್ ಮುಂಚೆ ಅದನ್ನ ಖಾಲಿ ಮಾಡಿ. ಆಟೋಫೋಕಸ್, ಅಂದ್ರೆ ತೆರೆದ ತಕ್ಷಣದ ಫೋಕಸ್, "ಬೇಡ" ಬಟನ್‌ಗೇ ಇರ್ಲಿ.

ಹೊರಗೆ ಒತ್ತಿದ್ರೆ ಮುಚ್ಚಬೇಕಾ? ಕ್ಲಿಕ್‌ನ ಟಾರ್ಗೆಟ್ (ಕ್ಲಿಕ್ ಬಿದ್ದ ಟ್ಯಾಗ್) ಡಯಲಾಗೇ ಆಗಿದ್ರೆ ಕ್ಲೋಸ್ ಮಾಡಿ, ಆದ್ರೆ ಪ್ಯಾಡಿಂಗ್ (ಅಂಚಿನ ಒಳಗಿನ ಖಾಲಿ ಜಾಗ) ಮೇಲೆ ಒತ್ತಿದ್ರೂ ಟಾರ್ಗೆಟ್ ಅದೇ ಬರುತ್ತೆ, ಹಾಗಾಗಿ ಡಯಲಾಗ್‌ನ ಪ್ಯಾಡಿಂಗ್ ಸೊನ್ನೆ ಮಾಡಿ, ಒಳಗೊಂದು ಡಿವ್ ಇಟ್ಟು ಅದಕ್ಕೆ ಕೊಡಿ. ಸಣ್ಣ ಮೆನುಗೆಲ್ಲ ಇಷ್ಟು ಬೇಡ, ಪಾಪ್‌ಓವರ್ ಆಟ್ರಿಬ್ಯೂಟ್ ಸಾಕು.

ಬಟನ್ ಮೇಲೆ "ಓಕೆ, ಕ್ಯಾನ್ಸಲ್" ಬರೀಬೇಡಿ ಮಾತ್ರ. ಚಿಕ್ಕಪ್ಪನ ಆಪಲ್ಲಿ ಈಗ "ರಾಶಿ 12 ಮೂಟೆ ಅಳಿಸ್ಲಾ?" ಅಂತ ಬರುತ್ತೆ, ಕೆಳಗೆ "ಅಳಿಸು", "ಬೇಡ". ಮೊನ್ನೆ ಮತ್ತೆ ಫೋನ್ ಮಾಡಿದ್ರು, ಅಕ್ಷರ ಸಣ್ಣ ಆಯ್ತಂತೆ.