ತಿಥಿ ಗೊತ್ತಿಲ್ಲದ ಮುತ್ತಜ್ಜನನ್ನು ಹುಡುಕಿದ್ದು

ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಒಂದು ಎಡೆ ಜಾಸ್ತಿ. ಅದು ಮುತ್ತಜ್ಜನದು, ಅಂದರೆ ನಮ್ಮಜ್ಜನ ಅಪ್ಪನದು. ಸತ್ತ ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆಯೇ ಗತಿ. ಧಾರವಾಡ ತಾಲೂಕಿನ ಮರಾಠಾ ಮನೆತನ ನಮ್ಮದು, ಮಾತು ಅರ್ಧ ಮರಾಠಿ ಅರ್ಧ ಕನ್ನಡ. "ಬಸ್ರಾಕ್ಕ ಹೋದಾಂವ ಹೊಳ್ಳಿ ಬರಲಿಲ್ಲ" ಅನ್ನೋದಿಷ್ಟೇ ದೊಡ್ಡಕಾಕಾಗೆ ಗೊತ್ತಿದ್ದದ್ದು. ಬಸ್ರಾ ಅಂದರೆ ಇರಾಕಿನ ಬಂದರು. ಅವರಿಗೀಗ ಎಂಬತ್ತು ದಾಟಿದೆ. ಹೋದ ವರ್ಷ ಎಡೆ ಇಡುವಾಗ, "ಒಂದ ತಾರೀಖರ ಹುಡುಕಿ ಕೊಡೋ ತಮ್ಮಾ" ಅಂದರು. ಹುಬ್ಬಳ್ಳಿಯಲ್ಲಿ ನೌಕರಿ ಮುಗಿಸಿ ಮನೆಯಲ್ಲಿ ಕೂತವನು ನಾನು. ನೆಪ ಸಿಕ್ಕಂತಾಯಿತು.

ಮನೆಯಲ್ಲಿ ಮೂರು ವಸ್ತು ಇದ್ದವು. ಒಂದು, ಕಂಚಿನ ದುಂಡನೆಯ ತಾಟು, ಸುಮಾರು 12 ಸೆಂಟಿಮೀಟರ್ ಅಗಲ. ಒಂದು ಹೆಂಗಸು, ಒಂದು ಸಿಂಹ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಮುತ್ತಜ್ಜನ ಹೆಸರು. ಅದು ಎಷ್ಟೋ ವರ್ಷ ಮೊಸರಿನ ಗಡಿಗೆಯ ಮುಚ್ಚಳವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ನೆನಪಿನ ಫಲಕ ಅದು. ಆದರೆ ಅದರ ಮೇಲೆ ಹುದ್ದೆಯೂ ಇಲ್ಲ, ನಂಬರೂ ಇಲ್ಲ, ಪಲ್ಟನ್ನೂ ಇಲ್ಲ. ಬೇಕಂತಲೇ ಹಾಗೆ ಮಾಡಿದ್ದಂತೆ, ಸಾವಿನಲ್ಲಿ ಎಲ್ಲರೂ ಸಮ ಅಂತ. ಹುಡುಕುವವನಿಗೆ ಮಾತ್ರ ಅದರಿಂದ ಏನೂ ದಕ್ಕುವುದಿಲ್ಲ.

ಕೆಲಸಕ್ಕೆ ಬಂದದ್ದು ಎರಡನೆಯದು, ಐದನೇ ಜಾರ್ಜ್ ದೊರೆಯ ತಲೆ ಇರುವ ಬೆಳ್ಳಿಯ ಮೆಡಲ್. ಅದರ ಮುಖ ನೋಡಬೇಡಿ, ಅಂಚು ನೋಡಿ. ನಂಬರು, ಹುದ್ದೆ, ಹೆಸರು, ಪಲ್ಟನ್ ಎಲ್ಲ ಅಲ್ಲೇ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಲು ಹೋಗಬೇಡಿ, ಅಕ್ಷರ ಸವೆದಾವು. ನಾನು ರಾತ್ರಿ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಓದಿದೆ. 117ನೇ ಮರಾಠಾ ಪಲ್ಟನ್, ಸಿಪಾಯಿ.

ನಂಬರೊಂದೇ ಇದ್ದರೆ ಸಾಲದು. ಆಗ ಪ್ರತಿ ಪಲ್ಟನ್ನೂ ತನ್ನದೇ ಲೆಕ್ಕದಲ್ಲಿ ನಂಬರ್ ಕೊಡುತ್ತಿತ್ತು. ಯುದ್ಧದಲ್ಲಿ ಸತ್ತವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಮುತ್ತಜ್ಜನ ಹೆಸರು ಹಾಕಿದೆ. ಸಿಗಲಿಲ್ಲ. ಗುಮಾಸ್ತರು ಕೇಳಿಸಿದಂತೆ ಬರೆದುಕೊಂಡಿರುತ್ತಾರೆ, ಭೀಮಾ ಅನ್ನುವವನು ಭಿವಾ ಆಗಿರುತ್ತಾನೆ. ಹೆಸರು ಬಿಟ್ಟು ಪಲ್ಟನ್, ಮೊದಲ ಯುದ್ಧ, ಬಸ್ರಾ ಸ್ಮಾರಕ ಇಷ್ಟೇ ಹಾಕಿ, ಬಂದ ಪಟ್ಟಿಯನ್ನು ಇಳಿಸಿಕೊಂಡು ಒಂದೊಂದೇ ಸಾಲು ಓದಿದೆ. ಎಷ್ಟೋ ಜನರ ಮುಂದೆ ಅಪ್ಪನ ಹೆಸರು, ಊರು, ಜಿಲ್ಲೆ ಇವೆ. ಜಿಲ್ಲೆಯ ಕಾಗುಣಿತ 'ಧಾರವಾರ'. ನೀವು ಗದಗ, ಹಾವೇರಿ ಕಡೆಯವರಾದರೂ ಅದನ್ನೇ ಹುಡುಕಬೇಕು, 1997ರ ತನಕ ಅವು ಧಾರವಾಡ ಜಿಲ್ಲೆಯೊಳಗೇ ಇದ್ದವಲ್ವಾ. ಮೂರನೇ ದಿನ ಮಧ್ಯಾಹ್ನ ಅದೇ ನಂಬರು, ಅದೇ ಊರು ಸಿಕ್ಕಿತು. ಹೆಸರು ಮಾತ್ರ ಅರ್ಧಂಬರ್ಧ.

ಪಂಜಾಬಿನವರಿಗೆ ಇಷ್ಟು ಕಷ್ಟವಿಲ್ಲ. ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ, ಆ ಯುದ್ಧಕ್ಕೆ ಹೋದವರ ಹಳ್ಳಿವಾರು ರಜಿಸ್ಟರುಗಳು ಈಗ ಕಂಪ್ಯೂಟರಿಗೇರಿವೆ, ಸುಮಾರು 3,20,000 ಜನರ ವಿವರ. ನಮ್ಮ ಮುಂಬಯಿ ಪ್ರಾಂತದವರಿಗೆ ಅಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮುತ್ತಜ್ಜನ ಪಲ್ಟನ್ ತುರ್ಕರಿಗೆ ಸೆರೆಸಿಕ್ಕಿತ್ತು, ಹಾಗಾಗಿ ಜಿನೀವಾದ ರೆಡ್‌ಕ್ರಾಸ್ ಇಟ್ಟಿರುವ ಯುದ್ಧಕೈದಿಗಳ ಕಾರ್ಡುಗಳಲ್ಲಿ ಒಂದು ವಾರ ಕಳೆದೆ. ಸುಮ್ನೆ ಹೋಯಿತು. ಒಂದು ಕಚೇರಿಗೆ ಬರೆದ ಎರಡು ಪತ್ರಕ್ಕೆ ಉತ್ತರವೇ ಬರಲಿಲ್ಲ.

ಬಸ್ರಾದ ಕಲ್ಲಿನಲ್ಲಿ ಹೆಸರಿದ್ದರೆ ಕಾಕಾಗೆ ಫೋಟೋ ತೋರಿಸಬೇಕೆಂದುಕೊಂಡೆ. ಅಲ್ಲಿ ಗೋರಿ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ಸ್ಮಾರಕವಿದೆ. 1997ರಲ್ಲಿ ಅದನ್ನು ಬಂದರಿನಿಂದ ಕಿತ್ತು, ಊರಾಚೆ ನಾಸಿರಿಯಾ ರಸ್ತೆಗೆ ಸಾಗಿಸಿದ್ದಾರೆ. ಆದರೆ ಕಲ್ಲಿನ ಮೇಲೆ ಹಿಂದೂಸ್ತಾನಿ ಅಧಿಕಾರಿಗಳ ಹೆಸರಷ್ಟೇ ಕೆತ್ತಿದ್ದರು. ಸಿಪಾಯಿಗಳು ಪಲ್ಟನ್ನಿಗೆ ಇಷ್ಟು ಮಂದಿ ಅನ್ನುವ ಬರೀ ಲೆಕ್ಕ. ತಾಟಿನಲ್ಲಿ ಎಲ್ಲರೂ ಸಮ, ಕಲ್ಲಿನಲ್ಲಿ ಅಲ್ಲ. ಹೀಗೆ ಭೇದ ಮಾಡಿದ್ದಕ್ಕೆ ಕಮಿಷನ್ 2021ರಲ್ಲಿ ಕ್ಷಮೆ ಕೇಳಿತು. ನನಗೆ ಆವತ್ತು ಊಟ ಸೇರಲಿಲ್ಲ.

ಮುತ್ತಜ್ಜ ಕೈದಿಯಾಗಿ ಸತ್ತರು ಅಂತ ಕಮಿಷನ್ನಿನ ಪಟ್ಟಿ ಹೇಳುವುದಿಲ್ಲ. ಅದನ್ನು ನಾವೇ ಕೂಡಿಸಿಕೊಳ್ಳಬೇಕು. 103, 110, 117, ಈ ಮೂರೂ ಮರಾಠಾ ಪಲ್ಟನ್ನುಗಳು ಇರಾಕಿನ ಕೂತ್ ಊರಿನಲ್ಲಿ ಸಿಕ್ಕಿಬಿದ್ದಿದ್ದವು. 1915ರ ಡಿಸೆಂಬರಿನಿಂದ ತುರ್ಕರ ಮುತ್ತಿಗೆ. ಕೊನೆಗೆ ಕುದುರೆ ಕೊಯ್ದು ತಿನ್ನುವ ಸ್ಥಿತಿ. ಜಾತಿ ಕೆಟ್ಟೀತೆಂದು ನಮ್ಮವರು ಬಹಳ ದಿನ ಮುಟ್ಟಲಿಲ್ಲ. 1916ರ ಏಪ್ರಿಲ್ 29ಕ್ಕೆ ಅಲ್ಲಿನ ಬ್ರಿಟಿಷ್ ಜನರಲ್ ಟೌನ್‌ಶೆಂಡ್ ತುರ್ಕರಿಗೆ ಶರಣಾದ. ಸುಮಾರು 13,000 ಜನ ಕೈದಿಗಳು. ಜನರಲ್ ಸಾಹೇಬ ಇಸ್ತಾನ್‌ಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಉಳಿದ. ಸಿಪಾಯಿಗಳನ್ನು ಬಿಸಿಲಲ್ಲಿ ಬಗ್ದಾದ್, ಮೋಸುಲ್ ದಾಟಿಸಿ ನಡೆಸಿಕೊಂಡು ಹೋದರು. ಹಿಂದೂಸ್ತಾನದವರು ಹೆಚ್ಚಾಗಿ ಈಗಿನ ಸಿರಿಯಾದ ರಾಸ್ ಅಲ್ ಐನ್ ಬಳಿ ರೈಲು ಹಳಿಯ ಕೆಲಸಕ್ಕೆ ಬಿದ್ದರು.

ಪಟ್ಟಿಯಲ್ಲಿದ್ದ ತಾರೀಖು ಶರಣಾದ ಮೇಲಿನದು. ಆದರೆ ಮುತ್ತಿಗೆಗೆ ಮೊದಲೇ ಗಾಯಗೊಂಡು ಬೇರೆ ಕಡೆ ಹೋದವರೂ ಇದ್ದರು. ಗಟ್ಟಿ ಸಾಕ್ಷಿ ಬೇಕಿತ್ತು. ಅದು ಮೂರನೇ ವಸ್ತುವಿನಲ್ಲಿತ್ತು, ಟ್ರಂಕಿನಲ್ಲಿದ್ದ ಮೋಡಿ ಅಕ್ಷರದ, ಅಂದರೆ ಮರಾಠಿಯ ಹಳೇ ಲಿಪಿಯ ಹಾಳೆ. ಹೊಲದ ಕಾಗದ ಅಂತ ಎಲ್ಲರೂ ಅಂದುಕೊಂಡಿದ್ದೆವು. ಧಾರವಾಡದಲ್ಲಿ ಹಳೇ ಭೂದಾಖಲೆ ಓದುವ ಹಿರಿಯರೊಬ್ಬರ ಮುಂದೆ ಇಟ್ಟೆ. ಕನ್ನಡಕ ಏರಿಸಿ ನೋಡಿ, "ಇದು ಹೊಲದ್ದಲ್ರಿ, ಪೆನ್ಶನ್‌ದು" ಅಂದರು. ಮುತ್ತಜ್ಜಿಗೆ ಪಿಂಚಣಿ ಮಂಜೂರಾದ ಕಾಗದ, 1919ರದು. ಅದರಲ್ಲಿ ಎರಡೇ ಶಬ್ದ, 'ಕೈದೇತ ಮಯತ'. ಕೈದಿನಲ್ಲಿ ಮೃತ. ತಾರೀಖು ಇರಲಿಲ್ಲ.

ಕಾಕಾಗೆ ಪಟ್ಟಿಯ ತಾರೀಖು ಹೇಳಬಹುದಿತ್ತು. ಹಳೇ ಪಂಚಾಂಗ ತೆಗೆದು ತಿಥಿಯನ್ನೂ ಹೊಂದಿಸಿದ್ದೆ. ಆದರೆ ಹಾಳೆ ಪ್ರಿಂಟ್ ಮಾಡಿಸಿದಾಗ ಅದೇ ತಾರೀಖು ಅದೇ ಪಲ್ಟನ್ನಿನ ಹತ್ತಾರು ಹೆಸರಿನ ಮುಂದೆ ಕಂಡಿತು. ಅಷ್ಟು ಜನ ಒಂದೇ ದಿನ ಸಾಯುತ್ತಾರೆಯೇ? ಸುದ್ದಿ ಸಿಗದವರಿಗೆಲ್ಲ ಕಚೇರಿಯಲ್ಲಿ ಕೂತು ಹಾಕಿದ ತಾರೀಖದು ಅಂತಲೇ ನನ್ನ ಎಣಿಕೆ. ಇದ್ದದ್ದನ್ನು ಇದ್ದಂತೆ ಹೇಳಿದೆ.

ಕಾಕಾ ಬಹಳ ಹೊತ್ತು ಹಾಳೆ ನೋಡಿದರು. "ಹಂಗಾದ್ರ ಅಮಾಸಿನ ಇರಲಿ ಬಿಡು" ಅಂದರು. ಆಮೇಲೆ ಬೆರಳಿಟ್ಟು ಊರುಗಳ ಹೆಸರು ಒಂದೊಂದೇ ಓದಿಸಿಕೊಂಡರು. ಒಂದು ಊರಿಗೆ ತಡೆದು, "ಇಲ್ಲಿ ನಮ್ಮ ಬೀಗರ ಅದಾರ. ಈ ಅಮಾಸಿಗಿಂತ ಮದಲ ಹೋಗಿ ಹೇಳಿ ಬಾ, ಅವರ ಮನ್ಯಾಗೂ ಯಾರರ ಹುಡುಕಾಕತ್ತಿರಬೇಕು" ಅಂದರು.